ಗಾಜನೂರಿನ ಮುತ್ತುರಾಜನ ನಾಲಿಗೆ ಪಳಗಿದ್ದು ಎಲ್ಲಿ?

(ದೃಶ್ಯ: ದಿಂಬಂ ಘಟ್ಟದ ತಿರುವುಗಳು. ಮುಂಜಾನೆಯ ಮಂಜಿನಲ್ಲಿ ಏರುತ್ತಿರುವ ಬಸ್ಸು.)

ನಿರೂಪಣೆ: ನಮಸ್ಕಾರ. ಸತ್ಯಮಂಗಲದಿಂದ ಹೊರಟು ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಮೇಲೆ ಬಂದರೆ, ಬಸ್ಸಿನ ಹಣೆಯ ಮೇಲಿನ ಬರಹ ತಮಿಳಾಗಿಯೇ ಉಳಿದಿದ್ದರೂ ಒಳಗಿನ ಮಾತುಕತೆ ಮೆಲ್ಲಗೆ ಕನ್ನಡಕ್ಕೆ ಹೊರಳುತ್ತದೆ. ಇದು ನಮ್ಮ ತಾಳವಾಡಿ, ತಮಿಳುನಾಡಿನ ಈರೋಡ್ ಜಿಲ್ಲೆಯ ತಾಲ್ಲೂಕು. ಇದೇ ಸೀಮೆಯ ದೊಡ್ಡ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಹುಟ್ಟಿದ ಮಗುವಿಗೆ ತಂದೆತಾಯಿಗಳು ಮುತ್ತತ್ತಿಯ ಹನುಮ, ಮುತ್ತತ್ತಿರಾಯನ ಹೆಸರನ್ನು ನೆನೆದು ಮುತ್ತುರಾಜ ಎಂದು ಹೆಸರಿಟ್ಟರು. ಮುಂದೆ ಲೋಕವೆಲ್ಲ ಅವರನ್ನು ರಾಜಕುಮಾರ್ ಎಂದು ಕರೆಯಿತು. ಮನೆಮನೆಯಲ್ಲಿ ಅವರು ಅಣ್ಣಾವ್ರಾದರು.

ಅವರ ಜೀವನದ ಕಥೆಯನ್ನು ನೀವು ಹಲವು ಸಲ ಕೇಳಿದ್ದೀರಿ. ನಮ್ಮ ಕುತೂಹಲ ಬೇರೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ, ಮಹಾಪ್ರಾಣಗಳಿಗಂತೂ ಜಾಗವೇ ಇಲ್ಲ. ಹಾಲು ನಮಗೆ ‘ಆಲು’, ಹೂವು ‘ಊವು’. ಪ್ರಾಥಮಿಕ ಶಾಲೆಯ ಓದನ್ನೂ ಮುಗಿಸದ ಇಂಥ ಊರಿನ ಹುಡುಗ, ಕನ್ನಡವನ್ನು ಹೇಗೆ ಉಚ್ಚರಿಸಬೇಕೆಂಬುದಕ್ಕೆ ಇಡೀ ನಾಡಿಗೆ ಮಾದರಿಯಾದದ್ದು ಹೇಗೆ?

(ದೃಶ್ಯ: ಹಳೆಯ ಮದರಾಸು ಪ್ರಾಂತ್ಯದ ನಕ್ಷೆ. ಕೊಳ್ಳೇಗಾಲ ಮತ್ತು ಗಾಜನೂರುಗಳ ಮೇಲೆ ಗುರುತು.)

ನಿರೂಪಣೆ: ಮೊದಲು ಗಡಿಯ ವಿಷಯವನ್ನು ತಿಳಿಗೊಳಿಸಿಬಿಡೋಣ, ಏಕೆಂದರೆ ‘ಅವರು ತಮಿಳುನಾಡಿನವರಲ್ಲವೇ’ ಎಂಬ ಪ್ರಶ್ನೆ ಆಗಾಗ ಎದ್ದುಬರುತ್ತದೆ. ತಂದೆ ಪುಟ್ಟಸ್ವಾಮಯ್ಯನವರ ಊರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು. ಆ ಕಾಲದಲ್ಲಿ ಕೊಳ್ಳೇಗಾಲವೂ ಗಾಜನೂರೂ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ಗಾಜನೂರು ಅತ್ತಲೇ ಉಳಿಯಿತು. ಅಪ್ಪನ ಊರು ಒಂದು ರಾಜ್ಯಕ್ಕೂ ಹುಟ್ಟಿದ ಊರು ಇನ್ನೊಂದಕ್ಕೂ ಹಂಚಿಹೋಗುವ ಹೊತ್ತಿಗೆ ಮುತ್ತುರಾಜ ಆಗಲೇ ಕನ್ನಡ ಚಿತ್ರರಂಗದ ನಾಯಕನಟರಾಗಿದ್ದರು. ಗೆರೆ ಎಳೆದವರು ಅವರನ್ನು ಕೇಳಿ ಎಳೆಯಲಿಲ್ಲ, ನಮ್ಮನ್ನೂ ಕೇಳಲಿಲ್ಲವೆನ್ನಿ.

(ದೃಶ್ಯ: ಬಣ್ಣದ ಪರದೆಗಳು, ಕಾಲು ಹಾರ್ಮೋನಿಯಂ, ಗ್ಯಾಸ್‌ಲೈಟಿನ ಬೆಳಕು.)

ನಿರೂಪಣೆ: ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ನಟರು. ರಾವಣ, ಕಂಸ, ಹಿರಣ್ಯಕಶಿಪುಗಳಂಥ ಆರ್ಭಟದ ಪಾತ್ರಗಳಿಗೆ ಅವರು ಹೆಸರಾಗಿದ್ದರು. 1884ರಲ್ಲಿ ಆರಂಭವಾದ ಆ ಕಂಪನಿ, ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಂಥ ಸಂಸ್ಥೆ. ತಂದೆಯ ಬೆನ್ನುಹಿಡಿದು ಹೋದ ಮುತ್ತುರಾಜ ಬಾಲಪಾರ್ಟುಗಳಿಂದ ಆರಂಭಿಸಿ, ಸಣ್ಣಪುಟ್ಟ ಕೆಲಸಗಳನ್ನೆಲ್ಲ ಮಾಡುತ್ತ, ಮೊಕ್ಕಾಂನಿಂದ ಮೊಕ್ಕಾಂಗೆ ಅಲೆದರು. ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲಿಯೂ ದುಡಿದರು.

ಕಂಪನಿ ನಾಟಕವನ್ನು ಇಂದಿನವರು ಅಬ್ಬರದ ಅಭಿನಯವೆಂದು ನಕ್ಕು ಬಿಡುವುದುಂಟು. ಆದರೆ ಅದು ಎಂಥ ಶಾಲೆಯಾಗಿತ್ತೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಧ್ವನಿವರ್ಧಕದ ನೆರವಿಲ್ಲದೆ ಆಡಿದ ಮಾತು ಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕೇಳಿಸಬೇಕಾಗಿತ್ತು. ಬರೀ ಕೂಗಿದರೆ ಸದ್ದು ತಲುಪುತ್ತದೆ, ಅರ್ಥ ತಲುಪುವುದಿಲ್ಲ. ಆದ್ದರಿಂದ ನಟನಾದವನು ಪ್ರತಿ ಅಕ್ಷರಕ್ಕೂ ಅದರ ತೂಕ ಕೊಟ್ಟು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಪದವನ್ನು ಮುರಿಯಬಾರದು ಎಂಬ ಲೆಕ್ಕವನ್ನು ಮೈಗೂಡಿಸಿಕೊಳ್ಳಬೇಕಾಗಿತ್ತು. ಪೌರಾಣಿಕ ನಾಟಕದ ಸಂಭಾಷಣೆಯಲ್ಲಿ ‘ಧನುಸ್ಸು’ ‘ದನುಸ್ಸು’ ಆದರೆ ಮೇಷ್ಟ್ರು ಬಿಡುತ್ತಿರಲಿಲ್ಲ, ಜನರೂ ಬಿಡುತ್ತಿರಲಿಲ್ಲ. ಇದರ ಜೊತೆಗೆ ಹಾಡೂ ಬೇಕು: ಮಾತು ಮುಗಿಯುತ್ತಿದ್ದಂತೆ ಹಾರ್ಮೋನಿಯಂ ಶ್ರುತಿ ಹಿಡಿದು ಕಂದಪದ್ಯಕ್ಕೆ ಏರಬೇಕು, ‘ಒನ್ಸ್ ಮೋರ್’ ಬಿದ್ದರೆ ಮತ್ತೆ ಹಾಡಬೇಕು. ಹೀಗೆ ಶಾಲೆಯಲ್ಲಿ ದಕ್ಕದ ಹಕಾರ, ಮಹಾಪ್ರಾಣ, ಷಕಾರಗಳು ಗಾಜನೂರಿನ ಹುಡುಗನಿಗೆ ರಂಗದ ಮೇಲೆ, ರಾತ್ರಿಯ ನಿದ್ದೆಗೆಟ್ಟು ದಕ್ಕಿದವು. ಅವರು ಹುಟ್ಟುತ್ತಲೇ ಹಾಗೆ ಮಾತನಾಡುತ್ತಿದ್ದರೆಂದು ನಂಬುವುದು ಆ ಶ್ರಮಕ್ಕೆ ಮಾಡುವ ಅನ್ಯಾಯ.

(ದೃಶ್ಯ: ಬೇಡರ ಕಣ್ಣಪ್ಪ ಚಿತ್ರದ ಸ್ಥಿರಚಿತ್ರಗಳು.)

ನಿರೂಪಣೆ: 1951ರಲ್ಲಿ ತಂದೆ ತೀರಿಕೊಂಡರು. 1952ರಲ್ಲಿ ಶ್ರೀ ಶ್ರೀನಿವಾಸ ಕಲ್ಯಾಣ ಚಿತ್ರದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಕಾಣಿಸಿಕೊಂಡರು, 1953ರಲ್ಲಿ ಪಾರ್ವತಮ್ಮನವರೊಡನೆ ವಿವಾಹವಾಯಿತು. ಮರುವರ್ಷ ಎಚ್.ಎಲ್.ಎನ್. ಸಿಂಹ ಅವರು ಬೇಡರ ಕಣ್ಣಪ್ಪ ಚಿತ್ರಕ್ಕೆ ಇವರನ್ನು ನಾಯಕನನ್ನಾಗಿ ಆರಿಸಿ ರಾಜಕುಮಾರ್ ಎಂದು ಹೊಸ ಹೆಸರಿಟ್ಟರು. ಅದೇ ಕಥೆ ತೆಲುಗಿನಲ್ಲಿಯೂ ಬಂದು, ಅದರಲ್ಲೂ ಇವರೇ ಕಣ್ಣಪ್ಪನಾದರು. ಅದೊಂದನ್ನು ಬಿಟ್ಟರೆ, 200ಕ್ಕೂ ಹೆಚ್ಚು ಚಿತ್ರಗಳ ವೃತ್ತಿಜೀವನದಲ್ಲಿ ಅವರು ಕನ್ನಡದ ಹೊರಗೆ ನಾಯಕರಾಗಿ ನಟಿಸಲಿಲ್ಲ.

ಹೆಸರು ಬಂದರೂ ಹೊಟ್ಟೆ ತುಂಬಲಿಲ್ಲ. ಕನ್ನಡ ಚಿತ್ರಗಳ ತಯಾರಿಕೆ ಕುಂಠಿತವಾಗಿ ಕಲಾವಿದರು ಕೆಲಸವಿಲ್ಲದೆ ಕೂತಾಗ, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ರಾಜಕುಮಾರ್ ಕೂಡಿ ಕಲಾವಿದರ ಸಂಘ ಕಟ್ಟಿ, ಊರೂರು ತಿರುಗಿ ನಾಟಕವಾಡಿದರು. ಸಿನಿಮಾ ಕೈಬಿಟ್ಟಾಗ ಅನ್ನ ಹಾಕಿದ್ದು ರಂಗಭೂಮಿ. ಇವರೇ ಸೇರಿ 1960ರಲ್ಲಿ ರಣಧೀರ ಕಂಠೀರವ ಚಿತ್ರವನ್ನು ತೆರೆಗೆ ತಂದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಕಡಿಮೆ ಚರ್ಚೆಯಾದ, ಆದರೆ ಅತ್ಯಂತ ಮುಖ್ಯವಾದ ಅಧ್ಯಾಯ ಇದು.

(ದೃಶ್ಯ: ಪರದೆಯನ್ನು ಎರಡು ಭಾಗ ಮಾಡಿ, ಬಭ್ರುವಾಹನ ಮತ್ತು ಕಸ್ತೂರಿ ನಿವಾಸದ ಸ್ಥಿರಚಿತ್ರಗಳು.)

ನಿರೂಪಣೆ: ರಂಗದಿಂದ ಬಂದ ಎಷ್ಟೋ ನಟರು ಕ್ಯಾಮೆರಾದ ಮುಂದೆಯೂ ಕಡೆಯ ಸಾಲಿನವನಿಗೆ ಕೇಳಿಸುವಂತೆಯೇ ಮಾತಾಡುತ್ತ ಉಳಿದರು. ರಾಜಕುಮಾರರ ಹೆಚ್ಚುಗಾರಿಕೆ ಇರುವುದು ದನಿಯನ್ನು ಇಳಿಸಲು ಕಲಿತದ್ದರಲ್ಲಿ. 1977ರ ಬಭ್ರುವಾಹನದಲ್ಲಿ ಅರ್ಜುನನೂ ಅವರೇ, ಅವನ ಮಗನೂ ಅವರೇ. ಇಬ್ಬರೂ ಎದುರುಬದುರಾದಾಗ ಕೇಳುವುದು ಅಪ್ಪಟ ಕಂಪನಿ ನಾಟಕದ ಮಾತುಗಾರಿಕೆ. ತಂದೆಯ ದನಿಯಲ್ಲಿ ಗರ್ವದ ಭಾರ, ಮಗನ ದನಿಯಲ್ಲಿ ಏರುಜವ್ವನದ ಕಾವು. ಕಣ್ಣು ಮುಚ್ಚಿ ಕೇಳಿದರೂ ಯಾರು ಯಾರೆಂದು ತಿಳಿಯುತ್ತದೆ. ಅದಕ್ಕೆ ಆರು ವರ್ಷ ಮೊದಲು, 1971ರಲ್ಲಿ ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ ಕಸ್ತೂರಿ ನಿವಾಸದಲ್ಲಿ ಇದೇ ನಟ ಎಲ್ಲವನ್ನೂ ಕೊಟ್ಟು ಬರಿಗೈಯಾದ ಮನುಷ್ಯನನ್ನು ಬಹುತೇಕ ಪಿಸುಮಾತಿನಲ್ಲೇ ಕಟ್ಟಿಕೊಟ್ಟಿದ್ದರು. ಅದೇ ಕಥೆಯನ್ನು ಆಮೇಲೆ ತಮಿಳಿನಲ್ಲಿ ಶಿವಾಜಿ ಗಣೇಶನ್ ಅಭಿನಯಿಸಿದರು. ಅವರೂ ನಾಟಕದಿಂದಲೇ ಬಂದವರು. ಎರಡೂ ಭಾಷೆ ಬಲ್ಲ ನಮ್ಮ ಕಡೆಯವರಿಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಸುಖವಿದೆ. ಯಾರು ಮೇಲು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ.

1972ರ ಬಂಗಾರದ ಮನುಷ್ಯ, 1973ರ ಗಂಧದ ಗುಡಿ, 1975ರ ಮಯೂರ, ಅದಕ್ಕೂ ಮುಂಚಿನ ಪತ್ತೇದಾರಿ ಚಿತ್ರಗಳು, ಇವುಗಳ ಬಗ್ಗೆ ಬೇಕಾದಷ್ಟು ಹೇಳಲಾಗಿದೆ. ನಾವು ಹಾಡಿಗೆ ಬರೋಣ.

ಬಹುಕಾಲ ಅವರಿಗೆ ತೆರೆಯ ಮೇಲಿನ ಹಾಡುದನಿ ಪಿ.ಬಿ. ಶ್ರೀನಿವಾಸ್ ಅವರದು. ಆ ಹೊಂದಾಣಿಕೆ ಎಷ್ಟು ಗಾಢವಾಗಿತ್ತೆಂದರೆ, ನಟ ಸ್ವತಃ ಗಾಯಕನೆಂಬುದನ್ನು ಜನ ಮರೆತೇಬಿಟ್ಟಿದ್ದರು. 1974ರಲ್ಲಿ, ಧುತ್ತರಗಿಯವರ ಕಂಪನಿ ನಾಟಕವನ್ನು ಆಧರಿಸಿದ ಸಂಪತ್ತಿಗೆ ಸವಾಲ್ ಚಿತ್ರದಲ್ಲಿ, ಎಮ್ಮೆಯ ಮೇಲೆ ಕೂತು ಹಾಡುವ ಹಾಡಿಗೆ ಅವರೇ ದನಿಯಾದರು. ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ಬಹುತೇಕ ತಾವೇ ಹಾಡಿದರು. 1992ರ ಜೀವನ ಚೈತ್ರದ ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಬಂತು. ನಟನೆಗೆ ಆ ಪ್ರಶಸ್ತಿ ಎಂದೂ ಬರಲಿಲ್ಲ, ಹಾಡಿಗೆ ಬಂತು. ಹಾರ್ಮೋನಿಯಂ ಪಕ್ಕದಲ್ಲಿ ನಿಂತು ಕಲಿತ ಪಾಠಕ್ಕೆ ದಿಲ್ಲಿಯವರು ಕೊಟ್ಟ ಅಂಕವೆಂದು ನಾನು ಅದನ್ನು ಓದುತ್ತೇನೆ. 1983ರ ಪದ್ಮಭೂಷಣ, 1992ರ ಕರ್ನಾಟಕ ರತ್ನ, 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗಳ ವಿಷಯ ನಿಮಗೆ ಗೊತ್ತೇ ಇದೆ. 1982ರಲ್ಲಿ ಗೋಕಾಕ್ ಚಳವಳಿಗೆ ಇಳಿದಾಗ ಅವರ ಸಭೆಗಳಿಗೆ ಜನಸಾಗರವೇ ಹರಿದುಬಂದದ್ದರಲ್ಲಿಯೂ ಆ ಉಚ್ಚಾರಣೆಯ ಪಾಲಿದೆ. ಭಾಷೆಯ ಪರವಾಗಿ ಮಾತನಾಡಲು ಆ ಭಾಷೆಯನ್ನು ಅಷ್ಟು ಚೆನ್ನಾಗಿ ಆಡುವವರೇ ಬಂದಿದ್ದರು.

(ದೃಶ್ಯ: ಗಾಜನೂರಿನ ಬೀದಿ, ಮುಸ್ಸಂಜೆ. ಸಂಗೀತ ಬೇಡ.)

ನಿರೂಪಣೆ: ಅವರು ಗಾಜನೂರನ್ನು ಬಿಡಲಿಲ್ಲ. 2000ದ ಜುಲೈ 30ರ ರಾತ್ರಿ ಇಲ್ಲಿಯ ತೋಟದ ಮನೆಯಿಂದಲೇ ಕಾಡುಗಳ್ಳ ವೀರಪ್ಪನ್ ರಾಜಕುಮಾರರನ್ನೂ ಇನ್ನೂ ಮೂವರನ್ನೂ ಅಪಹರಿಸಿ ಕಾಡಿಗೆ ಒಯ್ದ. 108 ದಿನಗಳ ನಂತರ, ನವೆಂಬರ್ 15ರಂದು ಬಿಡುಗಡೆಯಾಯಿತು. ಬೆಂಗಳೂರಿಗೆ ಅದು ಸುದ್ದಿ; ಗಡಿಯ ಎರಡೂ ಬದಿಯಲ್ಲಿ ನೆಂಟರಿರುವ, ಸಂತೆಗೆ ಒಂದು ಕಡೆ ಮತ್ತು ಕಚೇರಿಗೆ ಇನ್ನೊಂದು ಕಡೆ ಹೋಗಬೇಕಾದ ನಮ್ಮಂಥವರಿಗೆ ಅದು ದಿನದಿನದ ಅಂಜಿಕೆ. ಆ ವರ್ಷ ತೆರೆಕಂಡ ಶಬ್ದವೇಧಿಯೇ ಅವರು ನಾಯಕರಾಗಿದ್ದ ಕೊನೆಯ ಚಿತ್ರವಾಯಿತು.

2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಸಮಾಧಿ ಇರುವುದು ಅಲ್ಲಿಯ ಕಂಠೀರವ ಸ್ಟುಡಿಯೋ ಆವರಣದಲ್ಲಿ. ಹುಟ್ಟಿದ ಊರನ್ನು ನೋಡಬೇಕೆನ್ನುವವರು ಚಾಮರಾಜನಗರದಿಂದ ತಾಳವಾಡಿಯ ದಾರಿ ಹಿಡಿಯಬೇಕು. ದಾರಿ ಕೇಳಲು ತಮಿಳು ಬೇಕಾಗುವುದಿಲ್ಲ. ‘ಗಾಜನೂರಿಗೆ ಎಂಗೆ ಓಗ್ಬೇಕು’ ಎಂದರೆ ಸಾಕು.