ಮರಳುಗಾಡಿನಲ್ಲಿ ಊರು ಕಟ್ಟಿದವರು: ಲಿಮಾ ನಗರದ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತು ಪೆರು ದೇಶದ ರಾಜಧಾನಿ ಲಿಮಾ ಬಗ್ಗೆ ಮಾತಾಡುತ್ತೇನೆ. ಈ ನಗರಕ್ಕೆ ಒಂದು ಅಧಿಕೃತ ಹುಟ್ಟುಹಬ್ಬ ಇದೆ, ಜನವರಿ 18. 1535ರ ಆ ದಿನ ಸ್ಪೇನಿನ ಫ್ರಾನ್ಸಿಸ್ಕೊ ಪಿಸಾರೊ ಇಲ್ಲಿ ನಗರ ಸ್ಥಾಪಿಸಿದ. ಪೆರುವಿನ ಶಾಲಾ ಮಕ್ಕಳೆಲ್ಲ ಇದನ್ನು ಓದಿರುತ್ತಾರೆ. ಆದರೆ ಲಿಮಾವನ್ನು ನಿಜವಾಗಿ ಕಟ್ಟಿದವರು ಯಾರು ಅಂತ ಕೇಳಿದರೆ ಇನ್ನೂ ತುಂಬಾ ಜನರ ಲೆಕ್ಕ ಹಾಕಬೇಕಾಗುತ್ತದೆ. ಪಿಸಾರೊಗಿಂತ ಸಾವಿರ ವರ್ಷ ಮುಂಚೆ ನೀರು ತಂದವರಿದ್ದಾರೆ. ಅವನ ನಂತರ, ಬರಬೇಡಿ ಅಂದರೂ ಬಂದು ಮರಳಿನ ಮೇಲೆ ಮನೆ ಎಬ್ಬಿಸಿದವರಿದ್ದಾರೆ. ಇವರನ್ನು ಬಿಟ್ಟು ಲಿಮಾದ ಚರಿತ್ರೆ ಹೇಳುವುದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಮೊದಲು ಜಾಗ ನೋಡೋಣ. ಲಿಮಾ ಪೆಸಿಫಿಕ್ ಸಮುದ್ರದ ದಡದಲ್ಲಿದೆ. ಸಮುದ್ರ ಪಕ್ಕದಲ್ಲೇ ಇದೆ, ಮಳೆ ಮಾತ್ರ ಇಲ್ಲ. ದಕ್ಷಿಣದಿಂದ ಹರಿದುಬರುವ ಹಂಬೋಲ್ಟ್ ಎಂಬ ತಣ್ಣನೆಯ ಸಮುದ್ರ ಪ್ರವಾಹ ದಡದ ಗಾಳಿಯನ್ನೂ ತಣ್ಣಗೆ ಮಾಡುತ್ತದೆ. ತಂಪಾದ ಗಾಳಿ ಮೇಲೇರುವುದಿಲ್ಲ, ಹಾಗಾಗಿ ಮಳೆಮೋಡ ಕಟ್ಟುವುದಿಲ್ಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬೂದು ಬಣ್ಣದ ಮಂಜು ಕವಿದಿರುತ್ತದೆ. ಸಣ್ಣ ತುಂತುರು ಬೀಳುತ್ತದೆ, ಅದನ್ನು ಅಲ್ಲಿಯವರು ಗರುವಾ ಅನ್ನುತ್ತಾರೆ. ಅಷ್ಟೇ. ನೀರು ಬೇಕೆಂದರೆ ಆಂಡಿಸ್ ಪರ್ವತದಿಂದ ಇಳಿದು ಬರುವ ಮೂರು ನದಿಗಳೇ ಗತಿ: ರಿಮಾಕ್, ಚಿಯೊನ್, ಲುರಿನ್. ಮೂರೂ ದೊಡ್ಡ ನದಿಗಳಲ್ಲ.

ಈ ಜಾಗದಲ್ಲಿ ಹೊಲ ಮಾಡಿದ್ದು ಇಲ್ಲಿನ ಹಳೆಯ ಜನ. ರಿಮಾಕ್ ನದಿಯಿಂದ ಕಾಲುವೆ ತೋಡಿ ಕಣಿವೆಗೆಲ್ಲ ನೀರು ಹರಿಸಿದರು. ಸುರ್ಕೊ ಕಾಲುವೆ, ವಾತಿಕಾ ಕಾಲುವೆ, ಹೀಗೆ ಹಲವು. ಸ್ಪೇನಿನವರು ಬಂದಾಗ ಅವರ ಕಣ್ಣಿಗೆ ಬಿದ್ದ ಹಸಿರು ಪ್ರಕೃತಿ ಸುಮ್ನೆ ಕೊಟ್ಟದ್ದಲ್ಲ, ತಲೆಮಾರುಗಳ ಬೆವರಿನದು. ಸುರ್ಕೊ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಈಗಿನ ನಗರದ ಉದ್ಯಾನಗಳಿಗೆ ಅದೇ ನೀರು.

ಮಿರಾಫ್ಲೋರೆಸ್ ಎಂಬ ಶ್ರೀಮಂತ ಬಡಾವಣೆಯ ನಡುವೆ ವಾಕಾ ಪುಕ್ಯಾನಾ ಎಂಬ ಮಣ್ಣಿನ ದೊಡ್ಡ ದಿಬ್ಬ ಇದೆ. ದೂರದಿಂದ ಗುಡ್ಡದಂತೆ ಕಾಣುತ್ತದೆ. ಹತ್ತಿರ ಹೋದರೆ ಲಕ್ಷಗಟ್ಟಲೆ ಹಸಿ ಇಟ್ಟಿಗೆ. ಕ್ರಿ.ಶ. 200ರಿಂದ 700ರ ನಡುವೆ ಇಲ್ಲಿ ಬಾಳಿದ ಜನ ಕಟ್ಟಿದ ದೇವಸ್ಥಾನ ಅದು. ಅವರು ಇಟ್ಟಿಗೆಗಳನ್ನು ಮಲಗಿಸಿ ಜೋಡಿಸಿಲ್ಲ. ಕಪಾಟಿನಲ್ಲಿ ಪುಸ್ತಕ ಇಟ್ಟಹಾಗೆ ಸಾಲಾಗಿ ನಿಲ್ಲಿಸಿದ್ದಾರೆ, ನಡುವೆ ಸ್ವಲ್ಪ ಸಂದು ಬಿಟ್ಟಿದ್ದಾರೆ. ಭೂಮಿ ಅಲುಗಿದಾಗ ಇಟ್ಟಿಗೆಗಳೂ ಅಲುಗಿ ಮತ್ತೆ ಜಾಗಕ್ಕೆ ಬರುತ್ತವೆ. ಇದು ಭೂಕಂಪದ ನಾಡು. ಸಾವಿರದ ಮುನ್ನೂರು ವರ್ಷ ದಾಟಿದ ಮೇಲೂ ಆ ಗೋಡೆಗಳು ನಿಂತಿವೆ. ಇಷ್ಟಾದರೂ 20ನೇ ಶತಮಾನದಲ್ಲಿ ಆ ದಿಬ್ಬದ ಅಂಚುಗಳನ್ನು ಕಡಿದು ರಸ್ತೆ, ಮನೆ ಮಾಡಿದರು. ಸರಿಯಾದ ಉತ್ಖನನ ಶುರುವಾದದ್ದು 1981ರಲ್ಲಿ. ದಕ್ಷಿಣಕ್ಕೆ ಲುರಿನ್ ಕಣಿವೆಯಲ್ಲಿ ಪಚಕಮಾಕ್ ಎಂಬ ಇನ್ನೂ ದೊಡ್ಡ ಕ್ಷೇತ್ರ ಇತ್ತು. ದೂರದೂರದಿಂದ ಜನ ಅಲ್ಲಿಗೆ ಯಾತ್ರೆ ಬರುತ್ತಿದ್ದರು. ಇಂಕಾ ಅರಸರು 15ನೇ ಶತಮಾನದಲ್ಲಿ ಈ ಪ್ರದೇಶ ಗೆದ್ದಾಗಲೂ ಆ ದೇವರನ್ನು ಮುಟ್ಟಲಿಲ್ಲ, ಪಕ್ಕದಲ್ಲಿ ತಮ್ಮ ಸೂರ್ಯ ದೇವಾಲಯ ಕಟ್ಟಿದರು.

ಇನ್ನು ಪಿಸಾರೊ. ಇಂಕಾಗಳ ರಾಜಧಾನಿ ಕುಸ್ಕೊ 3,400 ಮೀಟರ್ ಎತ್ತರದಲ್ಲಿತ್ತು. ಸ್ಪೇನಿನವರಿಗೆ ಹಡಗು ಬೇಕು, ಬಂದರು ಬೇಕು. ಮೊದಲು ಬೆಟ್ಟದ ಮೇಲಿನ ಹೌಹಾ ಎಂಬಲ್ಲಿ ರಾಜಧಾನಿ ಮಾಡಿ ನೋಡಿದರು, ಹೊಂದಲಿಲ್ಲ. ಆಮೇಲೆ ರಿಮಾಕ್ ಕಣಿವೆಗೆ ಇಳಿದು ಬಂದರು. ಆ ಹೊತ್ತಿಗೆ ಕಣಿವೆಯ ನಾಯಕ ತೌಲಿಚುಸ್ಕೊ. ಅವನ ಮನೆ ಇದ್ದ ಜಾಗದಲ್ಲೇ ಪಿಸಾರೊ ತನ್ನ ಮನೆ ಕಟ್ಟಿದ. ಇವತ್ತು ಪೆರುವಿನ ಅಧ್ಯಕ್ಷರ ಅರಮನೆ ಇರುವುದೂ ಅದೇ ನೆಲದ ಮೇಲೆ. ದಾರದಿಂದ ಅಳೆದು ಚೌಕ ಚೌಕವಾಗಿ ಬೀದಿ ಎಳೆದರು, ನಡುವೆ ಒಂದು ದೊಡ್ಡ ಚೌಕ ಬಿಟ್ಟರು. ಒಂದು ಕಡೆ ಚರ್ಚು, ಒಂದು ಕಡೆ ಅರಮನೆ, ಒಂದು ಕಡೆ ಪುರಸಭೆ. 1536ರಲ್ಲಿ ಇಂಕಾ ಸೈನ್ಯ ನಗರವನ್ನು ಮುತ್ತಿಗೆ ಹಾಕಿತು, ಸೋತಿತು. 1541ರಲ್ಲಿ ಪಿಸಾರೊನನ್ನು ಅವನ ಮನೆಯಲ್ಲೇ ಅವನ ಸ್ಪೇನಿನ ವಿರೋಧಿಗಳು ಕೊಂದರು.

ಮುಂದಿನ ಇನ್ನೂರು ವರ್ಷ ಲಿಮಾಗೆ ಹಣದ ಕಾಲ. ವೈಸ್‌ರಾಯ್ ಇಲ್ಲಿ ಕೂತು ಸ್ಪೇನಿನ ದಕ್ಷಿಣ ಅಮೆರಿಕದ ಬಹುಭಾಗ ಆಳುತ್ತಿದ್ದ. ಈಗಿನ ಬೊಲಿವಿಯಾದಲ್ಲಿರುವ ಪೊಟೊಸಿ ಗಣಿಯ ಬೆಳ್ಳಿ ಲಿಮಾ ಪಕ್ಕದ ಕಯಾವೊ ಬಂದರಿನಿಂದ ಹೊರಡುತ್ತಿತ್ತು, ಸ್ಪೇನಿನ ಸರಕು ಅದೇ ಬಂದರಿಗೆ ಬರುತ್ತಿತ್ತು. ಬೇರೆ ದಾರಿಯಲ್ಲಿ ವ್ಯಾಪಾರ ಮಾಡುವುದು ಕಾನೂನಿಗೆ ವಿರುದ್ಧ. ಸಾನ್ ಮಾರ್ಕೋಸ್ ವಿಶ್ವವಿದ್ಯಾಲಯ 1551ರಲ್ಲೇ ಶುರುವಾಯಿತು. ಈ ವೈಭವದ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ನಾನು ಹೇಳಬೇಕೆಂದಿರುವುದು 1614ರ ಜನಗಣತಿ. ಆಗ ಊರಿನಲ್ಲಿ ಸುಮಾರು 25 ಸಾವಿರ ಜನ. ಅದರಲ್ಲಿ 10 ಸಾವಿರಕ್ಕಿಂತ ಜಾಸ್ತಿ ಆಫ್ರಿಕಾ ಮೂಲದವರು. ಅವರಲ್ಲಿ ಹೆಚ್ಚಿನವರು ಗುಲಾಮರು. ಮನೆ ಕಟ್ಟಿದ್ದು, ಅಡುಗೆ ಮಾಡಿದ್ದು, ಮಕ್ಕಳನ್ನು ಸಾಕಿದ್ದು, ನೀರು ಹೊತ್ತದ್ದು ಅವರು. ಸ್ಥಳೀಯ ಮೂಲನಿವಾಸಿ ಜನರನ್ನು 1571ರಲ್ಲಿ ಊರಿನ ಪೂರ್ವಕ್ಕೆ ಎಲ್ ಸೆರ್ಕಾಡೊ ಎಂಬಲ್ಲಿ ಸುತ್ತ ಗೋಡೆ ಕಟ್ಟಿ ಒಟ್ಟಿಗೆ ಇರಿಸಿದರು. ಲಿಮಾದಲ್ಲಿ ಜನರನ್ನು ಬೇರೆ ಮಾಡಲು ಎದ್ದ ಗೋಡೆಗಳಲ್ಲಿ ಇದು ಒಂದು. ಇಂಥ ಗೋಡೆ ಮುಂದೆಯೂ ಬರುತ್ತದೆ.

ಇಡೀ ನಗರದ ಸುತ್ತ ಕೋಟೆ ಗೋಡೆ ಎದ್ದದ್ದು 1684ರಿಂದ 1687ರ ನಡುವೆ. ಕಡಲ್ಗಳ್ಳರ ಭಯ. ಹಸಿ ಇಟ್ಟಿಗೆಯಲ್ಲಿ ಸುಮಾರು 11 ಕಿಲೋಮೀಟರ್. ಕಡಲ್ಗಳ್ಳರು ಆ ಗೋಡೆಯವರೆಗೆ ಬರಲೇ ಇಲ್ಲ. ಬಂದದ್ದು ಭೂಕಂಪ. ಅದೇ 1687ರ ಅಕ್ಟೋಬರ್‌ನಲ್ಲಿ ಊರು ಕುಸಿಯಿತು. ಅದಕ್ಕಿಂತ ಭೀಕರವಾದದ್ದು 1746ರ ಅಕ್ಟೋಬರ್ 28ರ ರಾತ್ರಿ ಹತ್ತೂವರೆಗೆ ಬಂತು. ಮೂರು ಸಾವಿರ ಮನೆಗಳಲ್ಲಿ ನೆಟ್ಟಗೆ ಉಳಿದದ್ದು 25 ಅಂತ ಆ ಕಾಲದ ದಾಖಲೆಗಳು ಹೇಳುತ್ತವೆ. ಕಯಾವೊ ಬಂದರಿಗೆ ಸುನಾಮಿ ನುಗ್ಗಿತು. ಸುಮಾರು ಐದು ಸಾವಿರ ಜನರ ಊರದು. ಬದುಕಿದವರು ಇನ್ನೂರು ಜನ.

ಇದಾದ ಮೇಲೆ ಕಟ್ಟುವ ರೀತಿ ಬದಲಾಯಿತು. ಮೇಲಿನ ಅಂತಸ್ತಿಗೆ ಭಾರದ ಇಟ್ಟಿಗೆ ಬಿಟ್ಟು ಕಿಂಚಾ ಬಳಸುವುದು ಎಲ್ಲ ಕಡೆ ರೂಢಿಯಾಯಿತು. ಕಿಂಚಾ ಅಂದರೆ ಮರದ ಚೌಕಟ್ಟಿಗೆ ಜೊಂಡು ಹೆಣೆದು ಮಣ್ಣು ಮೆತ್ತಿದ ತಡಿಕೆ ಗೋಡೆ. ಸ್ಪೇನಿನವರು ಬರುವ ಮುಂಚೆಯೇ ಈ ಕರಾವಳಿಯ ಜನಕ್ಕೆ ಗೊತ್ತಿದ್ದ ಕೆಲಸ ಅದು. ವೈಸ್‌ರಾಯ್ ಕಾಲದ ಆ ಸುಂದರ ಮಹಲುಗಳ ಮೇಲಂತಸ್ತನ್ನು ಗೀಚಿ ನೋಡಿದರೆ ಒಳಗೆ ಸಿಗುವುದು ತಡಿಕೆ. ಇನ್ನೊಂದು ವಿಷಯ. 1651ರಲ್ಲಿ ಅಂಗೋಲಾ ಮೂಲದ ಒಬ್ಬ ಗುಲಾಮ ಒಂದು ಮಣ್ಣಿನ ಗೋಡೆಯ ಮೇಲೆ ಶಿಲುಬೆಯ ಮೇಲಿನ ಯೇಸುವಿನ ಚಿತ್ರ ಬರೆದ. 1655ರ ಭೂಕಂಪದಲ್ಲಿ ಸುತ್ತಲಿನದೆಲ್ಲ ಬಿದ್ದರೂ ಆ ಗೋಡೆ ಬೀಳಲಿಲ್ಲ. 1687ರ ನಂತರ ಆ ಚಿತ್ರದ ಪ್ರತಿಯನ್ನು ಹೊತ್ತು ಮೆರವಣಿಗೆ ಶುರುವಾಯಿತು. ಇವತ್ತಿಗೂ ಪ್ರತಿ ಅಕ್ಟೋಬರ್‌ನಲ್ಲಿ ನೇರಳೆ ಬಣ್ಣದ ಬಟ್ಟೆ ತೊಟ್ಟು ಲಕ್ಷಾಂತರ ಜನ ಬೀದಿಗೆ ಬರುತ್ತಾರೆ. ಲಿಮಾದ ದೊಡ್ಡ ಹಬ್ಬ ಒಬ್ಬ ಗುಲಾಮನ ಕೈಯಿಂದ ಬಂದದ್ದು.

1821ರ ಜುಲೈ 28ರಂದು ಸ್ವಾತಂತ್ರ್ಯ ಹೋರಾಟದ ಸೇನಾನಿ ಸಾನ್ ಮಾರ್ಟಿನ್ ಮುಖ್ಯ ಚೌಕದಲ್ಲಿ ಸ್ಪೇನಿನಿಂದ ಪೆರುವಿನ ಸ್ವಾತಂತ್ರ್ಯ ಘೋಷಿಸಿದರು. ಗುಲಾಮಗಿರಿ ಹೋಗಲು 1854 ಆಗಬೇಕಾಯಿತು. ಆ ಹೊತ್ತಿಗೆ ಗ್ವಾನೊ, ಅಂದರೆ ಸಮುದ್ರದ ದ್ವೀಪಗಳ ಹಕ್ಕಿ ಹಿಕ್ಕೆಯ ಗೊಬ್ಬರ, ಯುರೋಪಿಗೆ ಮಾರಿ ದೇಶಕ್ಕೆ ಹಣ ಬರುತ್ತಿತ್ತು. 1851ರಲ್ಲಿ ಲಿಮಾದಿಂದ ಕಯಾವೊಗೆ ರೈಲು ಬಂತು. ದ್ವೀಪಗಳಲ್ಲಿ ಗೊಬ್ಬರ ಅಗೆಯಲು, ಹತ್ತಿ ಮತ್ತು ಕಬ್ಬಿನ ತೋಟಗಳಲ್ಲಿ ದುಡಿಯಲು 1849ರಿಂದ 1874ರವರೆಗೆ ಸುಮಾರು ಒಂದು ಲಕ್ಷ ಚೀನೀ ಕೂಲಿಗಳನ್ನು ಕರೆತಂದರು. ಕರಾರು ಮುಗಿದವರು ಲಿಮಾದ ಮಾರುಕಟ್ಟೆ ಪಕ್ಕದ ಕಾಪೊನ್ ಬೀದಿಯಲ್ಲಿ ನೆಲೆಸಿದರು. ಇವತ್ತು ಲಿಮಾದ ಯಾವ ಮೂಲೆಗೆ ಹೋದರೂ ಚೀಫಾ ಹೋಟೆಲು ಸಿಗುತ್ತದೆ, ಆ ಅಡುಗೆ ಅವರದು.

ಕೋಟೆ ಗೋಡೆಯನ್ನು 1868ರಿಂದ ಕೆಡವಿದರು. ನಗರ ಹೊರಗೆ ಬೆಳೆಯಲು ಜಾಗ ಸಿಕ್ಕಿತು. ಅಷ್ಟರಲ್ಲಿ ಚಿಲಿ ಜೊತೆ ಯುದ್ಧ. 1881ರ ಜನವರಿಯಿಂದ 1883ರ ಅಕ್ಟೋಬರ್‌ವರೆಗೆ ಚಿಲಿಯ ಸೈನ್ಯ ಲಿಮಾದಲ್ಲಿ ಕೂತಿತ್ತು. ರಾಷ್ಟ್ರೀಯ ಗ್ರಂಥಾಲಯ ಲೂಟಿಯಾಯಿತು. ಆಮೇಲೆ ಆ ಗ್ರಂಥಾಲಯದ ಹೊಣೆ ಹೊತ್ತ ಲೇಖಕ ರಿಕಾರ್ಡೊ ಪಾಲ್ಮಾ ಊರೂರಿಗೆ, ದೇಶದೇಶಕ್ಕೆ ಕಾಗದ ಬರೆದು ಪುಸ್ತಕ ಬೇಡಿದರು. ಭಿಕ್ಷುಕ ಗ್ರಂಥಪಾಲಕ ಅಂತಲೇ ಅವರಿಗೆ ಹೆಸರಾಯಿತು. ನನಗೆ ಆ ಹೆಸರಿನ ಬಗ್ಗೆ ತುಂಬಾ ಗೌರವ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. 1940ರಲ್ಲಿ ಲಿಮಾದ ಜನಸಂಖ್ಯೆ ಸುಮಾರು 6.5 ಲಕ್ಷ. 1961ಕ್ಕೆ 18 ಲಕ್ಷ. 1972ಕ್ಕೆ 33 ಲಕ್ಷ. 1993ಕ್ಕೆ 63 ಲಕ್ಷ. ಇವರೆಲ್ಲ ಎಲ್ಲಿಂದ ಬಂದರು? ಹೆಚ್ಚಿನವರು ಆಂಡಿಸ್ ಬೆಟ್ಟಗಳಿಂದ. ಅಲ್ಲಿ ಒಳ್ಳೆಯ ಜಮೀನು ಕೆಲವೇ ಜಮೀನುದಾರರ ಕೈಯಲ್ಲಿತ್ತು. ಹೊಸ ರಸ್ತೆ ಬಂದವು, ಲಾರಿ ಬಂದವು. ಮಕ್ಕಳು ಓದಲಿ ಅನ್ನುವ ಆಸೆ ಬಂತು. ನಗರದಲ್ಲಿ ಅವರಿಗೆ ಬಾಡಿಗೆ ಮನೆ ಸಾಲಲಿಲ್ಲ. ಆಗ ಬೋಳು ಗುಡ್ಡ, ಮರಳು ಬಯಲು ಹಿಡಿದರು. 1946ರಲ್ಲಿ ಸಾನ್ ಕೋಸ್ಮೆ ಗುಡ್ಡ. 1954ರ ಕ್ರಿಸ್ಮಸ್ ಹಿಂದಿನ ದಿನ ದಕ್ಷಿಣದ ಮರಳಿನಲ್ಲಿ ಸಿಯುದಾದ್ ದೆ ದಿಯೋಸ್. ರಾತ್ರೋರಾತ್ರಿ ಬಂದು, ಜೊಂಡಿನ ಚಾಪೆ ನಿಲ್ಲಿಸಿ, ಮೇಲೆ ಪೆರುವಿನ ಬಾವುಟ ಕಟ್ಟುತ್ತಿದ್ದರು. ಬಾವುಟ ಇದ್ದರೆ ಪೊಲೀಸರು ಕೆಡವಲು ಹಿಂಜರಿಯಬಹುದು ಅಂತ. ಒತ್ತುವರಿ ಅಂತ ಪತ್ರಿಕೆಗಳು ಬರೆದವು. ಅವರಿಗೆ ಬೇರೆ ದಾರಿ ಎಲ್ಲಿತ್ತು?

1971ರ ಏಪ್ರಿಲ್ ಕೊನೆಯಲ್ಲಿ ಸಾವಿರಾರು ಕುಟುಂಬಗಳು ಪಂಪ್ಲೋನಾ ಎಂಬಲ್ಲಿ ಜಾಗ ಹಿಡಿದವು. ಪೊಲೀಸರ ಜೊತೆ ಸಂಘರ್ಷವಾಗಿ ಸಾವೂ ಆಯಿತು. ಅವರ ಪರವಾಗಿ ಅಲ್ಲೇ ಪೂಜೆ ನಡೆಸಿದ ಬಿಷಪ್ ಲೂಯಿಸ್ ಬಂಬರೆನ್ ಅವರನ್ನು ಬಂಧಿಸಿದರು. ಗಲಾಟೆ ದೊಡ್ಡದಾಯಿತು. ಸೈನಿಕ ಸರ್ಕಾರ ಮಣಿದು, ಮೇ ತಿಂಗಳಲ್ಲಿ ಈ ಜನರನ್ನು ಇನ್ನೂ ದಕ್ಷಿಣದ ಮರಳುಗಾಡಿಗೆ ಲಾರಿಗಳಲ್ಲಿ ಸಾಗಿಸಿತು. ನೀರಿಲ್ಲ, ಕರೆಂಟಿಲ್ಲ. ಆ ಜಾಗವೇ ವಿಯಾ ಎಲ್ ಸಾಲ್ವಡೋರ್.

ಅದನ್ನು ಹೇಗೆ ಕಟ್ಟಿದರು ಅನ್ನುವುದು ಮುಖ್ಯ. ಒಂದು ಬ್ಲಾಕಿಗೆ 24 ಮನೆ. ಇಂಥ 16 ಬ್ಲಾಕು ಸೇರಿದರೆ ಒಂದು ವಸತಿ ಗುಂಪು, ಅಂದರೆ 384 ಕುಟುಂಬ. ಪ್ರತಿ ಗುಂಪಿನ ನಡುವೆ ಆಟದ ಜಾಗ, ಶಿಶುವಿಹಾರ, ಸಭೆಯ ಜಾಗ. ಪ್ರತಿ ಬ್ಲಾಕು ತನ್ನ ಪ್ರತಿನಿಧಿಗಳನ್ನು ಆರಿಸುತ್ತಿತ್ತು. ಹಣ ಇದ್ದಾಗ ಒಂದು ಗೋಡೆ, ಇನ್ನಷ್ಟು ಬಂದಾಗ ತಾರಸಿ. ಚಾಪೆಯಿಂದ ಇಟ್ಟಿಗೆಗೆ ಬರಲು ವರ್ಷಗಳು ಹಿಡಿದವು. ಹೆಂಗಸರು ಒಟ್ಟಾಗಿ ಸಾಮೂಹಿಕ ಅಡುಗೆಮನೆ ನಡೆಸಿದರು. 1983ರಲ್ಲಿ ಇದು ಸ್ವಂತ ಪುರಸಭೆ ಇರುವ ಜಿಲ್ಲೆಯಾಯಿತು. 1987ರಲ್ಲಿ ಸ್ಪೇನಿನ ಪ್ರಿನ್ಸಿಪೆ ದೆ ಅಸ್ತೂರಿಯಾಸ್ ಪ್ರಶಸ್ತಿ ಬಂತು. 2017ರ ಜನಗಣತಿಯಲ್ಲಿ ಇಲ್ಲಿ ಸುಮಾರು 3.9 ಲಕ್ಷ ಜನ.

ಇದೇ ಕಾಲದಲ್ಲಿ ಲಿಮಾದ ಉತ್ತರದಲ್ಲಿ ಪ್ರೆವಿ ಎಂಬ ವಸತಿ ಪ್ರಯೋಗ ನಡೆಯಿತು. ಸಣ್ಣ ಮನೆ ಕೊಡೋಣ, ಮುಂದೆ ಬೆಳೆಸುವುದನ್ನು ಮನೆಯವರಿಗೇ ಬಿಡೋಣ ಅನ್ನುವ ವಿಚಾರ. ಅದಕ್ಕೆ ನಕ್ಷೆ ಮಾಡಿಕೊಟ್ಟ ವಿದೇಶಿ ವಾಸ್ತುಶಿಲ್ಪಿಗಳಲ್ಲಿ ನಮ್ಮ ಚಾರ್ಲ್ಸ್ ಕೊರಿಯಾ ಒಬ್ಬರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕಟ್ಟಡ ನೀವು ನೋಡಿರಬಹುದು, ಅದೂ ಅವರದೇ ವಿನ್ಯಾಸ. ಪ್ರೆವಿಯ ಮನೆಗಳ ಮೇಲೆ ಈಗ ಎರಡು ಮೂರು ಅಂತಸ್ತು ಎದ್ದಿವೆ. ಕೆಳಗೆ ಅಂಗಡಿ, ಶಾಲೆ. ಅಂದುಕೊಂಡದ್ದು ಅದೇ ಅಲ್ವಾ?

1980ರ ನಂತರ ಬೆಟ್ಟಗಳಲ್ಲಿ ಶೈನಿಂಗ್ ಪಾತ್ ಎಂಬ ಮಾವೋವಾದಿ ಸಶಸ್ತ್ರ ಸಂಘಟನೆ ಮತ್ತು ಸೈನ್ಯದ ನಡುವೆ ಯುದ್ಧ. ಸತ್ತವರು ಮತ್ತು ಕಾಣೆಯಾದವರು ಸುಮಾರು 69 ಸಾವಿರ ಅಂತ ಸತ್ಯ ಶೋಧನಾ ಆಯೋಗ ಅಂದಾಜು ಮಾಡಿತು. ಜೀವ ಉಳಿಸಿಕೊಳ್ಳಲು ಓಡಿಬಂದವರೂ ಲಿಮಾದ ಗುಡ್ಡಗಳನ್ನೇ ಹತ್ತಿದರು. ವಿಯಾ ಎಲ್ ಸಾಲ್ವಡೋರ್‌ನ ಉಪಮೇಯರ್ ಮರಿಯಾ ಎಲೆನಾ ಮೊಯಾನೊ ಆ ಸಂಘಟನೆಯನ್ನು ಬಹಿರಂಗವಾಗಿ ವಿರೋಧಿಸಿದರು. ಆ ಸಂಘಟನೆ ಕರೆಕೊಟ್ಟ ಬಂದ್ ಲೆಕ್ಕಿಸದೆ ಬೀದಿಗಿಳಿದು ಮೆರವಣಿಗೆ ಮಾಡಿದರು. ಮರುದಿನ, 1992ರ ಫೆಬ್ರವರಿ 15ರಂದು, ಅವರನ್ನು ಕೊಂದರು. ಆಗ ಅವರಿಗೆ 33 ವರ್ಷ. ಪಿಸಾರೊ ಪ್ರತಿಮೆಯನ್ನು 2003ರಲ್ಲಿ ಚೌಕದ ಬದಿಯಿಂದ ತೆಗೆದರು, 2025ರಲ್ಲಿ ಮತ್ತೆ ಚೌಕದ ಹತ್ತಿರಕ್ಕೆ ತಂದರು. ಪ್ರತಿಮೆ ಎಲ್ಲಿರಬೇಕು ಅನ್ನುವ ಜಗಳ ನಡೆಯುವಾಗೆಲ್ಲ ನನಗೆ ಮೊಯಾನೊ ನೆನಪಾಗುತ್ತಾರೆ. ನಗರ ಕಟ್ಟಿದವರು ಅಂದರೆ ನನಗೆ ಅವರು.

ಗೋಡೆ ಮತ್ತೆ ಬರುತ್ತದೆ ಅಂದೆ. 1980ರ ದಶಕದಿಂದ ಶ್ರೀಮಂತ ಬಡಾವಣೆಗಳು ಗುಡ್ಡದ ಮೇಲೆ ಕಾಂಕ್ರೀಟ್ ಗೋಡೆ ಎಬ್ಬಿಸಿದವು, ಮೇಲೆ ಮುಳ್ಳುತಂತಿ. ಒಂದು ಕಡೆ ಈಜುಕೊಳ ಇರುವ ಮನೆ, ಇನ್ನೊಂದು ಕಡೆ ನಲ್ಲಿ ಇಲ್ಲದ ಗುಡಿಸಲು. ಜನ ಅದಕ್ಕೆ ನಾಚಿಕೆಯ ಗೋಡೆ ಅಂತ ಹೆಸರಿಟ್ಟರು. ಲಾ ಮೊಲಿನಾ ಮತ್ತು ವಿಯಾ ಮರಿಯಾ ದೆಲ್ ತ್ರಿಯುನ್ಫೊ ಎಂಬ ಎರಡು ಜಿಲ್ಲೆಗಳ ನಡುವಿನ ಗೋಡೆ ತೆಗೆಯಿರಿ ಅಂತ ಸಂವಿಧಾನ ನ್ಯಾಯಾಲಯ ಆದೇಶ ಕೊಟ್ಟಿತು. 2023ರಲ್ಲಿ ಕೆಡವಿದರು.

ನೀರಿನ ಪ್ರಶ್ನೆ ಮಾತ್ರ ಮುಗಿದಿಲ್ಲ. 1960ರ ದಶಕದಲ್ಲಿ ಆಂಡಿಸ್ ಒಳಗೆ ಸುರಂಗ ಕೊರೆದು, ಅಟ್ಲಾಂಟಿಕ್ ಕಡೆ ಹರಿಯುವ ಮಾರ್ಕಪೊಮಕೊಚಾ ಪ್ರದೇಶದ ನೀರನ್ನು ಲಿಮಾ ಕಡೆ ತಿರುಗಿಸಿದರು. ಆದರೂ ಎತ್ತರದ ಗುಡ್ಡಗಳ ಮನೆಗಳಿಗೆ ಪೈಪು ತಲುಪಿಲ್ಲ. ಟ್ಯಾಂಕರ್ ಲಾರಿ ಬರುತ್ತದೆ, ಡ್ರಮ್ಮಿಗೆ ತುಂಬಿಸಿಕೊಳ್ಳುತ್ತಾರೆ. ಪೈಪ್ ನೀರಿಗಿಂತ ಹಲವು ಪಟ್ಟು ಜಾಸ್ತಿ ದುಡ್ಡು ಕೊಡುವವರು ಊರಿನ ಅತಿ ಬಡವರು. ಹಾಗಿದ್ದೂ ಊರಿನ ನಕ್ಷೆಯನ್ನು ಬದಲಾಯಿಸಿದ್ದು ಇವರೇ. 2014ರಿಂದ ಮೆಟ್ರೊ ಒಂದನೇ ಲೈನ್ ದಕ್ಷಿಣದ ವಿಯಾ ಎಲ್ ಸಾಲ್ವಡೋರ್‌ನಿಂದ ಉತ್ತರದ ಸಾನ್ ಹುವಾನ್ ದೆ ಲುರಿಗಾಂಚೊವರೆಗೆ ಓಡುತ್ತಿದೆ. ಎರಡೂ ವಲಸೆ ಬಂದವರು ಎಬ್ಬಿಸಿದ ಊರುಗಳು. ಸಾನ್ ಹುವಾನ್ ದೆ ಲುರಿಗಾಂಚೊ ಒಂದರಲ್ಲೇ 10 ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ, ಪೆರುವಿನಲ್ಲಿ ಅಷ್ಟು ಜನ ಇರುವ ಇನ್ನೊಂದು ಜಿಲ್ಲೆ ಇಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.