ಮಟಮಟ ಮಧ್ಯಾಹ್ನ ಎಷ್ಟು ಗಂಟೆಗೆ?

ಎಲ್ಲರಿಗೂ ನಮಸ್ಕಾರ. ಮಟಮಟ ಮಧ್ಯಾಹ್ನ ಎಂದರೆ ಹನ್ನೆರಡು ಗಂಟೆ ಅನ್ನುವುದು ನಮ್ಮ ಬಾಯಿಗೆ ರೂಢಿ. ಆದರೆ ಮಡಿಕೇರಿಯಲ್ಲಿ ವರ್ಷದ ಯಾವ ದಿನವೂ ಹನ್ನೆರಡಕ್ಕೆ ಸರಿಯಾಗಿ ನಡುಹಗಲಾಗುವುದಿಲ್ಲ, ಅಂದರೆ ಸೂರ್ಯ ಅತಿ ಎತ್ತರಕ್ಕೆ ಏರುವುದಿಲ್ಲ. ತೀರಾ ಬೇಗ ಎಂದರೆ ನವೆಂಬರ್ 3ರ ಸುಮಾರಿಗೆ, 12.11ಕ್ಕೆ. ತೀರಾ ತಡ ಎಂದರೆ ಫೆಬ್ರುವರಿ 11ರ ಸುಮಾರಿಗೆ, 12.41ಕ್ಕೆ.

ಈ ವ್ಯತ್ಯಾಸದಲ್ಲಿ ಒಂದು ಪಾಲು ಕದಲುವುದಿಲ್ಲ. 1906ರ ಜನವರಿ 1ರಿಂದ ಬಂದ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಮಡಿಕೇರಿ ಇರುವುದು 75.74ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು, 6.76ನ್ನು 4ರಿಂದ ಗುಣಿಸಿದರೆ 27 ನಿಮಿಷ. ಕುಶಾಲನಗರಕ್ಕೆ ಇದು 26, ತಲಕಾವೇರಿಗೆ 28. ಒಂದೇ ಜಿಲ್ಲೆಯೊಳಗೆ ಎರಡು ನಿಮಿಷದ ಅಂತರ!

ಇನ್ನೊಂದು ಪಾಲು ದಿನದಿನಕ್ಕೂ ಬದಲಾಗುತ್ತದೆ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ; ಜನವರಿ ಮೊದಲ ವಾರ ಸೂರ್ಯನಿಗೆ ಹತ್ತಿರವಿದ್ದು ವೇಗವಾಗಿ ಓಡುತ್ತದೆ. ಜತೆಗೆ ಅದರ ಅಕ್ಷ 23.4 ಡಿಗ್ರಿ ವಾಲಿದೆ. ಇವೆರಡೂ ಸೇರಿ ಸೂರ್ಯ ಫೆಬ್ರುವರಿಯಲ್ಲಿ ವರ್ಷದ ಸರಾಸರಿ ಹೊತ್ತಿಗಿಂತ 14 ನಿಮಿಷ ಹಿಂದೆ ಬೀಳುತ್ತಾನೆ, ನವೆಂಬರ್ ಆರಂಭದಲ್ಲಿ 16 ನಿಮಿಷ ಮುಂದಿರುತ್ತಾನೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸಿನಲ್ಲಿ ಇದು ಸೊನ್ನೆ. ಆ ದಿನಗಳಲ್ಲಿ ಮಡಿಕೇರಿಯ ನಡುಹಗಲು 12.27.

ಇದರ ಪರಿಣಾಮ ಕಾಫಿ ಕೊಯ್ಲಿನ ಕಾಲದಲ್ಲಿ ಕಣ್ಣಿಗೆ ಬೀಳುತ್ತದೆ. ಅತಿ ಚಿಕ್ಕ ಹಗಲು ಡಿಸೆಂಬರ್ 21ರದ್ದು. ಅಂದು ಸೂರ್ಯೋದಯ ಸುಮಾರು 6.43ಕ್ಕೆ. ಸಂಕ್ರಾಂತಿ ಕಳೆದು ಜನವರಿ ಕೊನೆಯ ವಾರ ಬಂದರೂ ಅದು 6.53ರವರೆಗೆ ತಡವಾಗುತ್ತಲೇ ಹೋಗುತ್ತದೆ. ಬೆಳೆದ ಹಗಲೆಲ್ಲ ಸಂಜೆಯ ಪಾಲಿಗೇ ಸೇರುತ್ತದೆ. ಇದು ಬಯಲಿನ ಲೆಕ್ಕ. ಪೂರ್ವಕ್ಕೆ ಬೆಟ್ಟವಿದ್ದರೆ, ಅದರ ಎತ್ತರದ ಪ್ರತಿ ಡಿಗ್ರಿಗೆ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು ಸೇರಿಸಿಕೊಳ್ಳಿ.

ರಾಹುಕಾಲ ನಂಬುವುದು ಬಿಡುವುದು ಅವರವರಿಗೆ ಸೇರಿದ್ದು, ಲೆಕ್ಕವಾದರೂ ಸರಿಯಿರಲಿ. ಕ್ಯಾಲೆಂಡರಿನಲ್ಲಿ ಶುಕ್ರವಾರಕ್ಕೆ 10.30ರಿಂದ 12 ಎಂದು ಅಚ್ಚಾಗಿರುವುದು ಸೂರ್ಯೋದಯ 6ಕ್ಕೆ, ಅಸ್ತಮಾನ 6ಕ್ಕೆ ಎಂದುಕೊಂಡು. ನಿಯಮ ಹೇಳುವುದು ಹಗಲನ್ನು ಎಂಟು ಪಾಲು ಮಾಡಿ ಎಂದು. ಶುಕ್ರವಾರಕ್ಕೆ ನಾಲ್ಕನೆಯ ಪಾಲು. ಅದು ಮುಗಿಯುವುದು ನಡುಹಗಲಿಗೆ. ಫೆಬ್ರುವರಿ 11ರ ಹೊತ್ತಿನ ಶುಕ್ರವಾರ ಮಡಿಕೇರಿಯಲ್ಲಿ 11.13ರಿಂದ 12.41 ಆಗುತ್ತದೆ.

ಹಾಗೆಂದು ತಲಕಾವೇರಿಯ ತೀರ್ಥೋದ್ಭವಕ್ಕೂ 28 ನಿಮಿಷ ಸೇರಿಸಹೊರಟರೆ ತಪ್ಪು. ಅದು ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯದ್ದು; ಆ ಗಳಿಗೆ ಇಡೀ ಭೂಮಿಗೆ ಒಂದೇ. ಅದಕ್ಕೆ ಊರಿನ ತಿದ್ದುಪಡಿ ಇಲ್ಲ. ವರ್ಷದಿಂದ ವರ್ಷಕ್ಕೆ ಅದು ಆರು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತದೆ, ಅಧಿಕ ವರ್ಷದಲ್ಲಿ ಒಂದು ದಿನ ಹಿಂದಕ್ಕೆ ಸರಿಯುತ್ತದೆ. ಮಧ್ಯರಾತ್ರಿ, ಮುಂಜಾವು, ಮಧ್ಯಾಹ್ನ ಎಂದು ಹೊತ್ತು ಬದಲಾಗುವುದು ಅದಕ್ಕೇ.

ಇದನ್ನೆಲ್ಲ ಅಂಗಳದಲ್ಲಿ ಪರೀಕ್ಷಿಸಲು ಹಳೆಯ ಶಂಕು ಸಾಕು. ಹಲಗೆಯನ್ನು ರಸಮಟ್ಟ ಇಟ್ಟು ಸಮ ಮಾಡಿ. 30 ಸೆಂಟಿಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ದಾರಕ್ಕೆ ಗುಂಡು ಕಟ್ಟಿ ಎರಡು ಕಡೆಯಿಂದ ನೋಡಿ. ಬುಡವೇ ಕೇಂದ್ರವಾಗಿ, ಕೋಲಿನಷ್ಟೇ ತ್ರಿಜ್ಯದ ವೃತ್ತ ಎಳೆಯಿರಿ. ಡಿಸೆಂಬರ್ ಕೊನೆಯಲ್ಲಾದರೆ ನೆರಳಿನ ತುದಿ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ವೃತ್ತದೊಳಗೆ ಬರುತ್ತದೆ, ಎರಡೂಕಾಲು ಸುಮಾರಿಗೆ ಹೊರಗೆ ಹೋಗುತ್ತದೆ. ಎರಡೂ ಕಡೆ ಗುರುತು ಹಾಕಿ, ನಡುಬಿಂದುವಿನಿಂದ ಬುಡಕ್ಕೆ ಗೆರೆ ಎಳೆದರೆ ಅದೇ ದಕ್ಷಿಣೋತ್ತರ. ಮರುದಿನ ನೆರಳು ಆ ಗೆರೆ ಮುಟ್ಟಿದ ಹೊತ್ತನ್ನು ಮೊಬೈಲಿನಲ್ಲಿ ನೋಡಿ.

ಅತಿ ಗಿಡ್ಡ ನೆರಳಿಗೆ ಕಾದು ಕೂರುವುದು ಸಾಮಾನ್ಯವಾಗಿ ಆಗುವ ತಪ್ಪು. ಡಿಸೆಂಬರಿನಲ್ಲಿ ನಡುಹಗಲಿನ ಹಿಂದುಮುಂದಿನ ಹತ್ತು ನಿಮಿಷದಲ್ಲಿ ಅದರ ಉದ್ದ ಒಂದು ಮಿಲಿಮೀಟರಿನಷ್ಟೂ ಬದಲಾಗದು; ಸೂರ್ಯ ಅರ್ಧ ಡಿಗ್ರಿ ಅಗಲವಿರುವುದರಿಂದ ನೆರಳಿನ ಅಂಚು ಅದಕ್ಕಿಂತ ಹೆಚ್ಚು ಮಸುಕಾಗಿರುತ್ತದೆ. ತುದಿಗೆ ಸಣ್ಣ ತೂತಿನ ತಗಡು ಹಚ್ಚಿದರೆ ಬೆಳಕಿನ ಚುಕ್ಕಿಯ ನಡುವನ್ನು ಗುರುತಿಸಬಹುದು. ಇನ್ನು ಏಪ್ರಿಲ್ 23ರ ಸುಮಾರಿಗೆ ಸೂರ್ಯ ಮಡಿಕೇರಿಯ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ 19ರವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗ ನೆರಳು ತೋರಿದ್ದೇ ಉತ್ತರ ಎಂದುಕೊಂಡವರು ದಿಕ್ಕು ತಿರುವುಮುರುವು ಮಾಡಿಕೊಳ್ಳುತ್ತಾರೆ. ಅದರಲ್ಲೂ ಜೂನ್ ಬಂದರೆ ನಮ್ಮಲ್ಲಿ ನೆರಳು ಬೀಳುವ ದಿನಗಳೇ ಎಷ್ಟು! ಗೆರೆ ಎಳೆಯುವ ಕೆಲಸ ಡಿಸೆಂಬರಿನಲ್ಲೇ ಮುಗಿಸಿಕೊಳ್ಳಿ.