ಬರೆದವರು ಯಾರು?

ಕೇಳುಗರಿಗೆ ನಮಸ್ಕಾರ.

ರೇಡಿಯೊದಲ್ಲಿ ಕೂತು ಚಿತ್ರಗಳ ಬಗ್ಗೆ ಮಾತಾಡುವುದು ಸ್ವಲ್ಪ ವಿಚಿತ್ರವೇ. ನಾನು ತೋರಿಸುವಂತಿಲ್ಲ, ನೀವು ನೋಡುವಂತಿಲ್ಲ. ಆದರೆ ಇವತ್ತು ನಾನು ಹೇಳುವ ಚಿತ್ರಗಳಲ್ಲಿ ಹೆಚ್ಚಿನವು ಮಂಗಳೂರು, ಉಡುಪಿಯವರಿಗೆ ಒಂದು ಬಸ್ಸು ಹತ್ತಿದರೆ ಸಿಗುವಂಥವು. ಅನೇಕರು ಈಗಾಗಲೇ ನೋಡಿರುತ್ತೀರಿ. ಬರೆದವರು ಯಾರು ಎಂದು ಕೇಳಿರುವುದು ಮಾತ್ರ ಕಡಿಮೆ. ಕವಿಯ ಹೆಸರು, ಭಾಗವತರ ಹೆಸರು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಚಿತ್ರ ಬರೆದವರ ವಿಷಯದಲ್ಲಿ ಯಾಕೋ ನಾವು ಉದಾಸೀನರು.

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲನ್ನೇ ತೆಗೆದುಕೊಳ್ಳಿ. ಊರಿಗೆ ನೆಂಟರು ಬಂದರೆ ಕರೆದುಕೊಂಡು ಹೋಗುವ ಜಾಗ. ಒಳಗೆ ಹೋಗಿ ಕತ್ತೆತ್ತಿ "ಅಬ್ಬಾ" ಎಂದು ಹೊರಗೆ ಬರುತ್ತೇವೆ. ಅಷ್ಟೂ ಗೋಡೆ, ಅಷ್ಟೂ ಮಾಡು ತುಂಬಿಸಿದವರು ಅಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಮೊ ಸಮೀಪ 1854ರಲ್ಲಿ ಹುಟ್ಟಿದವರು, ಯೇಸುಸಭೆ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘಕ್ಕೆ ಸೇರಿದ ಜೆಸುಯಿಟ್ ಬ್ರದರ್. 1899ರಿಂದ 1901ರವರೆಗೆ ಅವರು ಇಲ್ಲಿ ಬರೆದರು.

ಗೋಡೆಯ ಮೇಲಿನವು ಫ್ರೆಸ್ಕೊ ಚಿತ್ರಗಳು. ಸುಣ್ಣದ ಗಾರೆ ಹಸಿ ಇರುವಾಗಲೇ, ನೀರಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಹಚ್ಚಬೇಕು. ಗಾರೆ ಒಣಗುತ್ತ ಗಾಳಿಯನ್ನು ಹೀರಿ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅದು ಗೋಡೆಯ ಮೈಯೇ. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತಬೇಕು. ಕೈ ತಪ್ಪಿದರೆ ಒರೆಸಿ ತಿದ್ದುವ ಹಾಗಿಲ್ಲ, ಅಷ್ಟನ್ನು ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. ಇದು ಗೊತ್ತಾದ ಮೇಲೆ ನಾನು ಆ ಗೋಡೆಗಳ ಹತ್ತಿರ ಹೋಗಿ ನೋಡಲು ಶುರು ಮಾಡಿದೆ. ದೂರದಿಂದ ನುಣುಪಾಗಿ ಕಾಣುವ ಮುಖ, ಹತ್ತಿರದಿಂದ ಅವಸರದ, ಆದರೆ ಅಳುಕಿಲ್ಲದ ಕುಂಚದ ಎಳೆಗಳು.

ಮಾಡಿನದ್ದು ಬೇರೆ, ಅದು ಕ್ಯಾನ್ವಾಸಿನ ಮೇಲಿನ ತೈಲವರ್ಣ. ನಡುವಿನ ಸಾಲಿನಲ್ಲಿ ಅಲೋಶಿಯಸರ ಬದುಕು. ರೋಮಿನಲ್ಲಿ ಪ್ಲೇಗು ಬಡಿದಾಗ ರೋಗಿಗಳ ಸೇವೆ ಮಾಡಿ, 1591ರಲ್ಲಿ, ಇಪ್ಪತ್ಮೂರನೆಯ ವಯಸ್ಸಿಗೇ ತೀರಿಕೊಂಡವರು ಅವರು. ಮೊಸ್ಕೇನಿ ಇಲ್ಲಿ ಬರೆಯುತ್ತಿದ್ದ ಕಾಲಕ್ಕೆ ಮುಂಬಯಿಯಲ್ಲೂ ಪ್ಲೇಗಿತ್ತು. ಹಳೆಯ ಕಥೆ ಬರೆಯುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿರಲಾರದು. ನಮ್ಮ ಮಳೆ, ಉಪ್ಪುಗಾಳಿ ಚಿತ್ರಗಳನ್ನು ಸುಮ್ಮನೆ ಬಿಡಲಿಲ್ಲ. 1990ರ ದಶಕದಲ್ಲಿ ಪರಂಪರೆಯ ಸಂರಕ್ಷಣೆಗಾಗಿಯೇ ಇರುವ ಇನ್‌ಟ್ಯಾಕ್ ಸಂಸ್ಥೆಯ ಪರಿಣತರು ಬಂದು ಉಳಿಸಿಕೊಟ್ಟರು.

ಹೆಸರು ತಿಳಿದರೆ ಆಗುವ ಲಾಭ ನೋಡಿ. ಆ ಹೆಸರನ್ನೇ ಹಿಡಿದು ಹೊರಟ ನನ್ನನ್ನು ಅದು ಫೋರ್ಟ್ ಕೊಚ್ಚಿಯ ಸಾಂತಾಕ್ರೂಜ್ ಬೆಸಿಲಿಕಾಕ್ಕೆ ತಲುಪಿಸಿತು. ಅಲ್ಲೂ ಅದೇ ಕೈ. ಆ ಚರ್ಚಿನ ಪ್ರತಿಷ್ಠೆ ನಡೆದದ್ದು 1905ರ ನವೆಂಬರಿನಲ್ಲಿ. ಅದಕ್ಕೆ ಕೆಲವೇ ದಿನ ಮೊದಲು ಮೊಸ್ಕೇನಿ ತೀರಿಹೋಗಿದ್ದರು. ಮಂಗಳೂರಿನ ಬಣ್ಣ ಕಣ್ಣಲ್ಲಿ ಇಲ್ಲದಿದ್ದರೆ ನಾನು ಆ ಚರ್ಚನ್ನು ನಾಲ್ಕು ಫೋಟೋ ತೆಗೆದು ದಾಟಿಬಿಡುತ್ತಿದ್ದೆ.

ಅವರು ಹೊರಗಿನಿಂದ ಇಲ್ಲಿಗೆ ಬಂದವರು. ಇಲ್ಲಿಂದ ಹೊರಗೆ ಹೋದವರು ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು, ಉಡುಪಿ ಬಳಿಯ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು. ಮುಂಬಯಿಯ ಜೆ. ಜೆ. ಕಲಾಶಾಲೆ, ಆಮೇಲೆ ಪ್ಯಾರಿಸು, ಪದ್ಮಶ್ರೀ, ಪದ್ಮಭೂಷಣ, ಇವೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುತ್ತವೆ. ನನ್ನನ್ನು ಹಿಡಿದದ್ದು ಅವರ ತೈಲಚಿತ್ರಗಳಿಗಿಂತ ರೇಖೆಗಳು. ಇದನ್ನು ಹೇಳಿದರೆ ಕಲಾವಿದ ಗೆಳೆಯರು ಜಗಳಕ್ಕೆ ಬರುತ್ತಾರೆ, ಬರಲಿ.

ಅವರು ಬರೆದ ನರ್ತಕಿಯನ್ನು ನೋಡಿ. ನೋಡುವುದಕ್ಕೆ ಕಣ್ಣಿಗಿಂತ ಬೆರಳು ಒಳ್ಳೆಯದು. ಚಿತ್ರವನ್ನು ಮುಟ್ಟದೆ, ಗಾಳಿಯಲ್ಲೇ ಆ ಗೆರೆಯ ಹಿಂದೆ ಬೆರಳಾಡಿಸುತ್ತ ಹೋಗಿ. ಭುಜದಲ್ಲಿ ಹೊರಟ ಗೆರೆ ಸೊಂಟದ ಹತ್ತಿರ ದಪ್ಪವಾಗಿ, ಪಾದಕ್ಕೆ ಬರುವಾಗ ಕೂದಲೆಳೆಯಷ್ಟಾಗಿರುತ್ತದೆ. ಬೆನ್ನು ಬರೆದೇ ಇಲ್ಲ, ಆದರೂ ಬೆನ್ನಿದೆ. ಹೆಬ್ಬಾರರು ತಾಳ, ಲಯ ಮೈಗೆ ಹತ್ತಲಿ ಎಂದು ಕಥಕ್ ಕಲಿತವರು. ನನಗಂತೂ ಆ ಗೆರೆ ಚೆಂಡೆಯ ಉರುಳಿಕೆಯ ಹಾಗೆ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ, ಕಲಾಕೇಂದ್ರ ಇದೆ. ಹೋದರೆ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಮೂರು ಚಿತ್ರ ಸಾಕು, ಅದರಲ್ಲಿ ಒಂದರ ಮುಂದೆ ಕಾಲು ನೋಯುವವರೆಗೆ ನಿಲ್ಲಿ.

ಇನ್ನು ಗ್ಯಾಲರಿಯೇ ಇಲ್ಲದ ಕಲಾವಿದರು ನಮ್ಮಲ್ಲಿದ್ದಾರೆ. ಮಂಗಳೂರಿನ ಮಾರ್ನೆಮಿಗೆ, ಅಂದರೆ ದಸರೆಗೆ, ಉಡುಪಿಯಲ್ಲಿ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಹುಲಿವೇಷದವರ ಮೈಮೇಲೆ ಬಣ್ಣ ಹಾಕುವವರು. ವೇಷ ಹಾಕುವ ಮೊದಲಿನ ಊದು ಪೂಜೆಯ ನಂತರ ವೇಷದವನು ಕೈ ಅಗಲಿಸಿ ಗಂಟೆಗಟ್ಟಲೆ ನಿಲ್ಲುತ್ತಾನೆ. ಮೊದಲು ತಳದ ಬಣ್ಣ, ಅದು ಒಣಗಿದ ಮೇಲೆ ಪಟ್ಟೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ; ಪಟ್ಟೆಪಿಲಿಗೆ ಒಂದು ಬಗೆ, ಚಿಟ್ಟೆಪಿಲಿಗೆ ಇನ್ನೊಂದು. ಆಡುವವನ ಹೊಟ್ಟೆ ಒಳಗೆ ಹೋಗುವಾಗ, ಬೆನ್ನು ಬಾಗುವಾಗ ಪಟ್ಟೆಯೂ ಅದರೊಟ್ಟಿಗೆ ಓಡಬೇಕು, ಅದಕ್ಕೆ ಸ್ನಾಯುವಿನ ಜಾಡು ತಿಳಿದಿರಬೇಕು. ಹತ್ತು ತಂಡ ನೋಡಿದರೆ ಎರಡರ ಪಟ್ಟೆ ಮಾತ್ರ ಹಾಗೆ ಓಡುತ್ತದೆ. ಉಳಿದವರದ್ದು ಬರೀ ಬಣ್ಣ. ಒಂದೆರಡು ದಿನ ಆಡಿ ಮುಗಿಸಿ ಉಜ್ಜಿ ತೊಳೆದರೆ ಅಷ್ಟೂ ಕೆಲಸ ಬಚ್ಚಲಿಗೆ.

ಈಗ ನಾನು ಒಳ್ಳೆಯ ಪಟ್ಟೆ ಕಂಡ ಕೂಡಲೇ ತಾಸೆ ಬಡಿಯುವವರ ಪಕ್ಕಕ್ಕೆ ಹೋಗಿ "ಬಣ್ಣ ಏರೆನ ಮಾರಾಯ?", ಬಣ್ಣ ಯಾರದು ಮಾರಾಯ, ಎಂದು ತುಳುವಿನಲ್ಲಿ ಕೇಳುತ್ತೇನೆ. ಹುಡುಗರು ಹೆಸರು ಹೇಳುತ್ತಾರೆ, ನಂಬರೂ ಕೊಡುತ್ತಾರೆ, ನಿಮ್ಮದು ಯಾವ ತಂಡ, ಬರುವ ವರ್ಷಕ್ಕೆ ಅವರನ್ನು ಬುಕ್ ಮಾಡುವುದಾ ಎಂದು ನನ್ನನ್ನೇ ವಿಚಾರಿಸುತ್ತಾರೆ.

ನಮಸ್ಕಾರ.